ಲಡಾಯಿಗೆ ಎಷ್ಟು ಸೇರು ಅಕ್ಕಿ?

ಮೈಸೂರು ಯುದ್ಧಗಳು ನಾಲ್ಕು. ಪರೀಕ್ಷೆ ಬರೆಯುವವರಿಗೂ ಬರೆಸುವವರಿಗೂ ಇತಿಹಾಸ ಮಾಡಿಕೊಟ್ಟಿರುವ ದೊಡ್ಡ ಅನುಕೂಲ ಇದು. ಒಂದೊಂದಕ್ಕೂ ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಮೂರು ಉಪಶೀರ್ಷಿಕೆ, ಕೊನೆಗೊಂದು ಒಪ್ಪಂದ. 1769ರಲ್ಲಿ ಮದರಾಸು, 1784ರಲ್ಲಿ ಮಂಗಳೂರು, 1792ರಲ್ಲಿ ಶ್ರೀರಂಗಪಟ್ಟಣ. ನಾಲ್ಕನೆಯ ಸಲ ಒಪ್ಪಂದಕ್ಕೆ ಕೂರಲು ಟಿಪ್ಪುವೇ ಉಳಿಯಲಿಲ್ಲವಾದ್ದರಿಂದ ಮಕ್ಕಳಿಗೆ ಒಂದು ಹೆಸರು ಉಳಿತಾಯ. ಇಷ್ಟೆಲ್ಲ ಅಚ್ಚುಕಟ್ಟಾಗಿದ್ದರೂ ಉತ್ತರ ಪತ್ರಿಕೆಗೆ ಬರುವಾಗ ಮೊದಲ ಯುದ್ಧದ ಕಾರಣ ಮೂರನೆಯದಕ್ಕೆ ಹೋಗಿ ಕೂತಿರುತ್ತದೆ, ಎರಡನೆಯದರಲ್ಲಿ ತೀರಿಕೊಂಡ ಹೈದರಾಲಿ ನಾಲ್ಕನೆಯದರಲ್ಲಿ ಎದ್ದು ಕತ್ತಿ ಹಿಡಿದಿರುತ್ತಾನೆ. ‘ಇಂಗ್ಲಿಷರಿಗೂ ಇವರಿಗೂ ಆಗುತ್ತಿರಲಿಲ್ಲ’ ಎಂಬ ಒಂದೇ ಕಾರಣವನ್ನು ನಾಲ್ಕೂ ಕಡೆ ಬರೆದವರಿಗೆ ನಾನು ಅರ್ಧರ್ಧ ಅಂಕ ಕೊಟ್ಟಿದ್ದೇನೆ. ಸುಳ್ಳಂತೂ ಅಲ್ಲವಲ್ಲ.

ಪಾಠ ಹೀಗೆ ಸರಾಗವಾಗಿ ಹರಿಯುತ್ತಿದ್ದಾಗ ಅದಕ್ಕೆ ಅಡ್ಡ ಕಟ್ಟೆ ಹಾಕಿದವನು ಕೊನೇ ಬೆಂಚಿನ ಒಬ್ಬ ಹುಡುಗ. ಜನರಲ್ ಹ್ಯಾರಿಸ್ ಸುಮಾರು ಐವತ್ತು ಸಾವಿರ ಸೈನ್ಯದೊಡನೆ ಶ್ರೀರಂಗಪಟ್ಟಣದ ಮೇಲೆ ಬಂದ ಎಂದು ನಾನು ಗಂಭೀರವಾಗಿ ಹೇಳಿ, ವಾಕ್ಯ ಮುಗಿದ ಗುರುತಿಗೆ ಸೀಮೆಸುಣ್ಣವನ್ನು ಬೋರ್ಡಿಗೆ ಒಮ್ಮೆ ಕುಟ್ಟಿದೆ. ಅವನು ಕೈ ಎತ್ತಲೂ ಇಲ್ಲ. ಕೂತಲ್ಲಿಂದಲೇ, “ಸಾ, ಅಷ್ಟೂ ಜನಕ್ಕೆ ಊಟ ಯಾರ್ ಹಾಕ್ತಿದ್ರು?” ಅಂದ.

ತರಗತಿ ಗೊಳ್ಳೆಂದಿತು. ಗಂಟೆ ಹನ್ನೆರಡೂವರೆ, ಬಿಸಿಯೂಟದ ಸಾರಿಗೆ ಒಗ್ಗರಣೆ ಬಿದ್ದ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಹೊಟ್ಟೆ ಕೇಳಿಸಿದ ಪ್ರಶ್ನೆಯೇ ಹೌದು. ಆದರೆ ಹ್ಯಾರಿಸ್‌ನನ್ನು ಯಾರಾದರೂ ಎಬ್ಬಿಸಿ, ಆ ವರ್ಷ ನಿನ್ನ ನಿದ್ದೆ ಕೆಡಿಸಿದ್ದು ಯಾವುದಪ್ಪ ಎಂದು ಕೇಳಿದರೆ ಅವನೂ ಇದನ್ನೇ ಹೇಳುತ್ತಿದ್ದ.

ಲೆಕ್ಕದ ಮೇಷ್ಟರನ್ನು ಕರೆದುಕೊಂಡು ಬಂದೆ. ತಲೆಗೆ ದಿನಕ್ಕೊಂದು ಕಿಲೋ ಅಕ್ಕಿ ಎಂದು ಹಿಡಿಯೋಣ ಎಂದರು ಅವರು. ಹೆಚ್ಚಾಯಿತು ಎಂದು ಹೆಣ್ಣುಮಕ್ಕಳ ಕಡೆಯಿಂದ ಆಕ್ಷೇಪಣೆ ಬಂತು. ಆಗಿನ ಸಿಪಾಯಿ ಬಿಸಿಲಲ್ಲಿ ನಡೆಯುತ್ತಿದ್ದ, ನಡುವೆ ಬೇಕರಿ ಇರಲಿಲ್ಲ ಎಂದು ಸಮಾಧಾನ ಹೇಳಿದೆವು. ಐವತ್ತು ಸಾವಿರ ಕಿಲೋ ಎಂದರೆ ಐನೂರು ಕ್ವಿಂಟಾಲ್. ಒಂದು ಹೇರೆತ್ತು ಒಂದು ಕ್ವಿಂಟಾಲ್ ಹೊರುತ್ತದೆ ಎಂದುಕೊಂಡರೆ ಒಂದು ದಿನದ ಅಕ್ಕಿಗೇ ಐನೂರು ಎತ್ತು. ತಿಂಗಳಿಗೆ ಹದಿನೈದು ಸಾವಿರ. ಇದು ಬರೀ ಸಿಪಾಯಿಗಳ ಲೆಕ್ಕ. ಸಿಪಾಯಿಗಳ ಹಿಂದೆ ಅವರಿಗಿಂತ ಎಷ್ಟೋ ಪಟ್ಟು ಜನ ನಡೆಯುತ್ತಿದ್ದರು. ಪಲ್ಲಕ್ಕಿ ಹೊರುವ ಬೋಯಿಗಳು, ಚರ್ಮದ ಚೀಲದಲ್ಲಿ ನೀರು ತರುವ ಪಖಾಲಿಗಳು, ಅಗಸರು, ಕ್ಷೌರಿಕರು, ಕುದುರೆಗೆ ಹುಲ್ಲು ಕೊಯ್ಯುವವರು, ಅಡುಗೆಯವರು, ಅಂಗಡಿ ಸೆಟ್ಟರು, ಅವರ ಹೆಂಡಿರು, ಕಂಕುಳ ಕೂಸುಗಳು. ಅವರೂ ಉಣ್ಣಬೇಕು. “ಎತ್ತೂ ತಿನ್ಬೇಕಲ್ವಾ ಸಾ?” ಎಂದಳು ಮುಂದಿನ ಬೆಂಚಿನ ಒಬ್ಬಳು. ಅವರ ಮನೆಯಲ್ಲಿ ಹಸು ಇದೆ. ಲೆಕ್ಕದ ಮೇಷ್ಟರು ಸೀಮೆಸುಣ್ಣ ಕೆಳಗಿಟ್ಟು, ಇದು ನಿಮ್ಮ ಪೀರಿಯಡ್ಡು, ನೀವೇ ಮುಂದುವರಿಸಿ ಎಂದು ಹೊರಟುಹೋದರು.

ಎತ್ತುಗಳ ದೆಸೆಯಿಂದ ಗೆದ್ದ ಯುದ್ಧವೊಂದು ಕೈಬಿಟ್ಟುಹೋದ ಕತೆಯೂ ಇದೆ. 1791ರ ಮಾರ್ಚಿಯಲ್ಲಿ ಬೆಂಗಳೂರು ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ. ಕರಿಘಟ್ಟದ ಹತ್ತಿರ ಕಾಳಗವಾಗಿ ಮೇಲುಗೈಯೂ ಆಯಿತು. ಆದರೆ ದಾರಿಯುದ್ದಕ್ಕೂ ಮೇವನ್ನು ಟಿಪ್ಪುವಿನ ಕಡೆಯವರು ಸುಟ್ಟಿದ್ದರು, ಮಳೆ ಹಿಡಿದಿತ್ತು, ಎತ್ತುಗಳು ಸಾಲುಸಾಲಾಗಿ ಬಿದ್ದು ಸತ್ತವು. ಕೋಟೆ ಒಡೆಯಲೆಂದು ತಂದ ಭಾರೀ ತೋಪುಗಳನ್ನು ವಾಪಸ್ಸು ಎಳೆಯಲು ಎತ್ತಿಲ್ಲ. ಶತ್ರುವಿನ ಕೈಗೆ ಸಿಕ್ಕಬಾರದೆಂದು ತನ್ನ ತೋಪುಗಳನ್ನು ತಾನೇ ಹಾಳುಮಾಡಿ ಅವನು ಬೆಂಗಳೂರಿನ ದಾರಿ ಹಿಡಿದ. ಹಸಿದ ಸೈನ್ಯಕ್ಕೆ ದಾರಿಯಲ್ಲಿ ಮರಾಠರ ದಂಡು ಎದುರಾಯಿತು. ಇವರು ಮಿತ್ರರೇ; ಬರಬೇಕಾದ ಹೊತ್ತಿಗೆ ಬಾರದೆ ಈಗ ಬಂದಿದ್ದರು. ಅವರ ದಂಡಿನ ಬಜಾರಿನಲ್ಲಿ ಇಂಗ್ಲೆಂಡಿನ ಚಾಕುವಿನಿಂದ ಕಾಶ್ಮೀರದ ಶಾಲಿನವರೆಗೆ ಎಲ್ಲ ಸಿಗುತ್ತಿತ್ತಂತೆ, ಅಕ್ಕಿಯೂ ಸಿಕ್ಕಿತು, ಆದರೆ ರೇಟು ಮಾತ್ರ ಜಾತ್ರೆಯದು. ಹಸಿದವನ ಜೊತೆ ಮಿತ್ರರೂ ಚೌಕಾಸಿ ಮಾಡುತ್ತಾರೆ ಎಂದು ಹೇಳಿದಾಗ ಹುಡುಗರು ಆಶ್ಚರ್ಯಪಡಲಿಲ್ಲ. ಅವರಲ್ಲಿ ಅರ್ಧಕ್ಕರ್ಧ ಜನ ಆಲೆಮನೆಯವರ, ತರಕಾರಿ ಮಂಡಿಯವರ ಮಕ್ಕಳು.

ಈ ವ್ಯವಹಾರದಲ್ಲಿ ನಿಜವಾದ ನಿಸ್ಸೀಮರು ಲಂಬಾಣಿಗಳು. ಸಾವಿರಗಟ್ಟಲೆ ಎತ್ತುಗಳ ಮೇಲೆ ದವಸ ಹೇರಿಕೊಂಡು, ಹೆಂಡತಿ ಮಕ್ಕಳ ಸಮೇತ ದಂಡಿನ ಹಿಂದೆ ಮುಂದೆ ಓಡಾಡುತ್ತಿದ್ದರು. ಅವರಿಲ್ಲದೆ ಯಾರ ಸೈನ್ಯವೂ ಹೆಚ್ಚು ದೂರ ಹೋಗುವ ಹಾಗಿರಲಿಲ್ಲ. ನಮ್ಮ ಪಠ್ಯಪುಸ್ತಕದ ನಾಲ್ಕು ಯುದ್ಧಗಳಲ್ಲಿ ಅವರಿಗೆ ಒಂದು ಸಾಲೂ ಇಲ್ಲ. ಅಮೃತಮಹಲ್ ಎತ್ತುಗಳಿಗೂ ಇಲ್ಲ. ಟಿಪ್ಪು ಸತ್ತ ಮೇಲೆ ಆ ದನಗಳು ಕಂಪನಿಯ ಕೈಗೆ ಬಂದವು. ಅವು ಎಷ್ಟು ಬಾಳುತ್ತವೆ ಎಂಬುದು ಆರ್ಥರ್ ವೆಲ್ಲೆಸ್ಲಿಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ದಂಡಯಾತ್ರೆಗಳಲ್ಲಿ ಅವನ ತೋಪುಗಳಿಗೆ ಅವೇ ಹೆಗಲು ಕೊಟ್ಟವು. ನಾಲ್ಕು ಅಂಕದ ಪ್ರಶ್ನೆಗೆ ಇಷ್ಟು ಸಾಕಾಗುತ್ತದೆ. ಆದರೆ ಅಂಥ ಪ್ರಶ್ನೆಯನ್ನು ನಾನು ಕೇಳಿದರೆ ಮೇಲಿನವರು ನನ್ನನ್ನು ಕೇಳುತ್ತಾರೆ.

ಅಡುಗೆಮನೆಯ ಕಡೆಯಿಂದ ಹೊರಟರೆ 1799 ಕೂಡ ಬೇರೆ ಥರ ಕಾಣುತ್ತದೆ. ಮಾರ್ಚಿ 27ಕ್ಕೆ ಮಳವಳ್ಳಿಯಲ್ಲಿ ಕಾಳಗ. ಮುಂದಿನ ನೇರ ದಾರಿಯಲ್ಲಿ ಹುಲ್ಲುಕಡ್ಡಿ ಇಲ್ಲ. ಹಾಗಾಗಿ ಹ್ಯಾರಿಸ್ ದಾರಿ ಬಿಟ್ಟು ಸೋಸಲೆಯ ಹತ್ತಿರ ಹೊಳೆ ದಾಟಿಬಿಟ್ಟ. ಆ ದಡದಲ್ಲಿ ಮೇವು ಸುಟ್ಟಿರಲಿಲ್ಲ. ಸೋಸಲೆ ನಮ್ಮ ಮಕ್ಕಳಿಗೆ ಗೊತ್ತಿರುವ ಊರು. ಒಬ್ಬಳ ಸೋದರಮಾವನ ಮನೆ ಅಲ್ಲೇ ಇದೆ. ತನ್ನ ಮಾವನ ಊರಿನ ಹುಲ್ಲಿನಿಂದ ಟಿಪ್ಪು ಸೋತ ಎಂದು ಉಳಿದವರು ಅವಳನ್ನು ವಾರವಿಡೀ ಕಾಡಿದರು. ಏಪ್ರಿಲ್ ನಡುವಿನಲ್ಲಿ ಇಂಗ್ಲಿಷರ ಉಗ್ರಾಣ ತೆಗೆದು ನೋಡಿದರೆ ಅಕ್ಕಿ ಲೆಕ್ಕಕ್ಕಿಂತ ಬಹಳ ಕಡಮೆ. ಮುಂಗಾರು ಬಿದ್ದು ಕಾವೇರಿ ತುಂಬಿದರೆ ಕೋಟೆಯ ಹತ್ತಿರ ಹೋಗುವಂತಿಲ್ಲ. ಬೀಳುವುದರೊಳಗೆ ಅಕ್ಕಿ ಮುಗಿದರೆ ನಿಲ್ಲುವಂತಿಲ್ಲ. ಆ ಎರಡರ ನಡುವಿನ ಸಂದಿಯಲ್ಲಿ ಮೇ 4 ಬಂತು. ನಡು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಸುಡುಬಿಸಿಲಲ್ಲಿ, ಬಂಡೆ ಕಾಣುವ ಹೊಳೆಯನ್ನು ದಾಟಿ ಕೋಟೆಯ ವಾಯವ್ಯ ಮೂಲೆಯ ಒಡಕಿಗೆ ನುಗ್ಗಿದರು. ಟಿಪ್ಪು ಊಟಕ್ಕೆ ಕೂತಿದ್ದನಂತೆ, ಅರ್ಧಕ್ಕೆ ಎದ್ದನಂತೆ. ಕಾವಲಿನವರನ್ನು ಅವನ ಮಂತ್ರಿ ಮೀರ್ ಸಾದಿಕ್ ಆ ಹೊತ್ತಿನಲ್ಲೇ ಸಂಬಳ ಬಟವಾಡೆಗೆಂದು ಕರೆಸಿಕೊಂಡ ಎಂಬ ಮಾತೂ ಇದೆ. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಅತಿಥಿ ಶಿಕ್ಷಕರೊಬ್ಬರು, “ಸಂಬಳ ಅಂದ್ರೆ ಯಾರಾದ್ರೂ ಹೋಗ್ತಾರೆ ಬಿಡಿ ಸಾರ್, ಅವರನ್ನ ಬೈಯಬೇಡಿ” ಎಂದರು. ಅವರಿಗೆ ಆ ವರ್ಷ ಜೂನ್‌ನಿಂದ ಗೌರವಧನ ಬಂದಿರಲಿಲ್ಲ.

ಊಟದ ವಿಷಯ ಹೀಗೆ ಮಕ್ಕಳಿಗೆ ಹಿಡಿಸಿತೆಂದು ಯುದ್ಧವನ್ನು ಪೂರ್ತಿ ಪಂಕ್ತಿಯಲ್ಲೇ ಕೂರಿಸಲಾಗುವುದಿಲ್ಲ. ಗಂಡುಹುಡುಗರಿಗೆ ಬಂದೂಕು ಬೇಕು. ಕೊಟ್ಟೆ. ನನ್ನ ಉದ್ದ ಹಿಡಿಯ ಕೊಡೆಯೇ ಬಂದೂಕು. ಆ ಕಾಲದ ಸಿಪಾಯಿ ಒಂದು ಗುಂಡು ಹಾರಿಸಲು ಏನೇನು ಮಾಡುತ್ತಿದ್ದನೋ ಅಷ್ಟನ್ನೂ ಅಭಿನಯಿಸಬೇಕು. ಕಾಗದದ ತೋಟಾ ತೆಗೆ, ಹಲ್ಲಿನಲ್ಲಿ ಕಚ್ಚಿ ಹರಿ, ಚಿಟಿಕೆ ಮದ್ದನ್ನು ಕಿವಿಯ ಬಟ್ಟಲಿಗೆ ಸುರಿ, ಉಳಿದದ್ದನ್ನು ನಳಿಗೆಯ ಬಾಯಿಗೆ, ಮೇಲೆ ಗುಂಡು, ಸಲಾಕೆ ತೆಗೆದು ಜಡಿ, ಸಲಾಕೆಯನ್ನು ಮರೆಯದೆ ವಾಪಸ್ಸು ಸಿಕ್ಕಿಸು, ಚಕಮಕಿ ಕಲ್ಲಿನ ಕುದುರೆ ಎಳೆ, ಗುರಿ ಇಡು, ಹೊಡಿ. ಪಳಗಿದವನು ನಿಮಿಷಕ್ಕೆ ಎರಡು ಮೂರು ಸಲ ಹೊಡೆಯುತ್ತಿದ್ದ. ನಮ್ಮ ವೀರಾಗ್ರಣಿ ಮೊದಲ ಗುಂಡಿಗೇ ಒಂದೂವರೆ ನಿಮಿಷ ತೆಗೆದುಕೊಂಡು ಸಲಾಕೆಯನ್ನು, ಅಂದರೆ ನನ್ನ ಅಡಿಕೋಲನ್ನು, ನಳಿಗೆಯೊಳಗೇ ಬಿಟ್ಟ. ಅಷ್ಟರಲ್ಲಿ ಎದುರು ಸಾಲಿನ ಹುಡುಗಿ ನಡೆದು ಬಂದು ಅವನ ತಲೆಗೊಂದು ಮೊಟಕಿದಳು. ಬಂದೂಕಿನ ಕಾಲದಲ್ಲೂ ಕತ್ತಿ ಏಕೆ ಉಳಿಯಿತು ಎಂಬುದನ್ನು ನಾನು ಬೇರೆಯಾಗಿ ವಿವರಿಸಬೇಕಾಗಲಿಲ್ಲ. ಮಳೆ ಬಂದು ಮದ್ದು ನೆನೆದರೆ ಏನು ಮಾಡುತ್ತಿದ್ದರು ಎಂದು ಒಬ್ಬ ಕೇಳಿದ. ಕೊಡೆ ಬಿಚ್ಚುತ್ತಿದ್ದರು ಎಂದ ಇನ್ನೊಬ್ಬ.

ರಾಕೆಟ್ಟಿಗೆ ಅಭಿನಯ ಇಟ್ಟುಕೊಳ್ಳಲಿಲ್ಲ. ಹೆಡ್‌ಮಾಸ್ಟರಿಗೆ ರಕ್ತದೊತ್ತಡವಿದೆ. ಕಬ್ಬಿಣದ ಕೊಳವೆಯಲ್ಲಿ ಮದ್ದು ಜಡಿದು, ಉದ್ದನೆಯ ಬಿದಿರಿಗೋ ಕತ್ತಿಯ ಅಲಗಿಗೋ ಬಿಗಿದು ಬಿಡುತ್ತಿದ್ದರು ಎಂದು ಚಿತ್ರ ಬರೆದು ತೋರಿಸಿದೆ. ಆಗ ಬೇರೆ ಕಡೆ ಕಾಗದದ, ರಟ್ಟಿನ ಕೊಳವೆ. ಕಬ್ಬಿಣದ್ದಾದ್ದರಿಂದ ಮೈಸೂರಿನದು ಹೆಚ್ಚು ಮದ್ದು ತಡೆದುಕೊಂಡು ಹೆಚ್ಚು ದೂರ ಹೋಗುತ್ತಿತ್ತು. ಯಾವ ಕಡೆಗೆ ಹೋಗುತ್ತದೆಂದು ಮಾತ್ರ ಬಿಟ್ಟವನಿಗೂ ಖಾತ್ರಿ ಇರಲಿಲ್ಲ. ದೀಪಾವಳಿಯಲ್ಲಿ ಬಾಟಲಿ ವಾಲಿ ರಾಕೆಟ್ಟು ಎದುರುಮನೆಯ ಒಣಗುಹಾಕಿದ ಸೀರೆಗೆ ಹೋದ ಅನುಭವ ಎಲ್ಲರಲ್ಲೂ ಇದ್ದುದರಿಂದ ಈ ಭಾಗ ಬೇಗ ಅರ್ಥವಾಯಿತು. ಪಟ್ಟಣ ಬಿದ್ದ ಮೇಲೆ ಈ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ವೂಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ಇಟ್ಟುಕೊಂಡು ತನ್ನದೊಂದನ್ನು ಮಾಡಿದ. 1807ರಲ್ಲಿ ಕೋಪನ್‌ಹೇಗನ್ ಊರಿನ ಮೇಲೆ ಅವು ಬಿದ್ದವು. ಇತ್ತ ನಮ್ಮ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಒಂದು ಪಾಳುಬಾವಿಯ ಹೂಳು ತೆಗೆಯುತ್ತಿದ್ದಾಗ ಸಾವಿರಕ್ಕೂ ಮೇಲ್ಪಟ್ಟು ತುಕ್ಕುಹಿಡಿದ ರಾಕೆಟ್ಟುಗಳು ಸಿಕ್ಕವು. ಇದನ್ನು ಹೇಳಿದ ಮೇಲಿನ ಭಾನುವಾರ ನಮ್ಮ ಊರಿನ ಎರಡು ಪಾಳುಬಾವಿಗಳ ಸುತ್ತ ಮಕ್ಕಳ ಓಡಾಟ ಹೆಚ್ಚಾಯಿತೆಂದು ದೂರು ಬಂತು.

ವೆಲ್ಲೆಸ್ಲಿಯ ಕತೆಯನ್ನು ನಾನು ಸ್ವಲ್ಪ ಸ್ವಾರ್ಥದಿಂದ ಹೇಳುತ್ತೇನೆ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿಗೆ, ಅಂದರೆ ಮರಗಳ ತೋಪಿಗೆ, ಅವನು ಪಡೆ ನುಗ್ಗಿಸಿದ. ಕಾರ್ಗತ್ತಲು, ಕಾಲುವೆಗಳು, ಎಲ್ಲಿಂದಲೋ ಬರುವ ರಾಕೆಟ್ಟು ಗುಂಡು. ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು, ತನ್ನವರಲ್ಲಿ ಕೆಲವರನ್ನು ಟಿಪ್ಪುವಿನ ಕೈಗೆ ಬಿಟ್ಟು ವಾಪಸ್ಸು ಬಂದ. ಹದಿನಾರು ವರ್ಷದ ನಂತರ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಕಿರುಪರೀಕ್ಷೆಯಲ್ಲಿ ನಪಾಸಾದವರ ಮುಖ ಇದನ್ನು ಕೇಳಿ ಅರಳುತ್ತದೆ. ಅವನ ಅಣ್ಣ ಗವರ್ನರ್ ಜನರಲ್ ಆಗಿದ್ದ ಎಂಬ ಸಂಗತಿಯನ್ನು ಅವತ್ತೇ ಹೇಳುವುದಿಲ್ಲ.

ಡಿಸೆಂಬರಿನಲ್ಲಿ ಪ್ರವಾಸ. ಶ್ರೀರಂಗಪಟ್ಟಣ ನಮಗೆ ಕೂಗಳತೆ. ಹಾಗಾಗಿ ಅದು ಪ್ರವಾಸವೇ ಅಲ್ಲ ಎಂದು ಮಕ್ಕಳ ಅಭಿಪ್ರಾಯ. ಸಂಜೆ ಕೆಆರ್‌ಎಸ್ ಕಾರಂಜಿ ತೋರಿಸುತ್ತೇವೆಂದು ಲಂಚ ಕೊಟ್ಟೇ ಹೊರಡಿಸಬೇಕು. ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಕಂಚಿಯ ಹತ್ತಿರ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೈಲಿಯ ಪಡೆಯನ್ನು ನುಚ್ಚುನೂರು ಮಾಡಿದ್ದು. ನಡುವೆ ಬೈಲಿ ಪಲ್ಲಕ್ಕಿಯಲ್ಲಿ ಬಾಯಿಗೆ ಬೆರಳಿಟ್ಟುಕೊಂಡು ಕೂತಿದ್ದಾನೆ. ಗೈಡು ಆನೆ ಕುದುರೆ ಎಣಿಸುತ್ತಿದ್ದರೆ ಒಬ್ಬ ಹುಡುಗಿಯ ಕಣ್ಣು ಪಲ್ಲಕ್ಕಿ ಹೊತ್ತವರ ಮೇಲೆ. “ಸಾ, ಇಷ್ಟು ಜಗಳದಲ್ಲೂ ಇವ್ರು ಯಾಕೆ ಇಳಿಸಿ ಓಡೋಗಿಲ್ಲ?” ನಾನು ಗೈಡಿನ ಮುಖ ನೋಡಿದೆ, ಗೈಡು ನನ್ನ ಮುಖ ನೋಡಿದರು. ಪಟ್ಟಣ ಬಿದ್ದ ಮೇಲೆ ಇದೇ ಮನೆಯಲ್ಲಿ ವೆಲ್ಲೆಸ್ಲಿ ವಾಸವಾಗಿದ್ದ. ತಮ್ಮವರು ಸೋತ ಚಿತ್ರವನ್ನು ಅಳಿಸಿ ಸುಣ್ಣ ಬಳಿಸಲಿಲ್ಲ. ಮುಂದೆ ಡಾಲ್‌ಹೌಸಿಯಂತೂ ಅದಕ್ಕೆ ಮತ್ತೆ ಬಣ್ಣ ಹಾಕಿಸಿದ. ಗೆದ್ದವನಿಗೆ ಅಂಥ ಧಾರಾಳ ಸುಲಭ.

ಬೈಲಿ ಬಂದೀಖಾನೆಯಲ್ಲಿ ಗೋಡೆಯ ಕಲ್ಲುಗಳಿಗೆ ಕೈ ಚಾಚಿ ನಿಂತು ಫೋಟೋ ತೆಗೆಸಿಕೊಳ್ಳದ ಮಗುವಿಲ್ಲ. ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದವರಲ್ಲಿ ಡೇವಿಡ್ ಬೇರ್ಡ್ ಎಂಬವನೂ ಇದ್ದ. 1784ರವರೆಗೆ ಇದೇ ಊರಿನಲ್ಲಿ ಸೆರೆಯಲ್ಲಿದ್ದು, 1799ರಲ್ಲಿ ಕೋಟೆಗೆ ನುಗ್ಗಿದ ಪಡೆಗೆ ಮುಂದಾಳಾಗಿ ವಾಪಸ್ಸು ಬಂದ. ಕೈದಿಗಳನ್ನು ಜೋಡಿ ಜೋಡಿಯಾಗಿ ಸರಪಳಿಯಲ್ಲಿ ಕಟ್ಟಿದ್ದಾರೆಂಬ ಸುದ್ದಿ ಸ್ಕಾಟ್ಲೆಂಡಿನಲ್ಲಿದ್ದ ಅವನ ತಾಯಿಗೆ ಮುಟ್ಟಿದಾಗ ಆಕೆ, ನಮ್ಮ ಹುಡುಗನ ಜೊತೆಗೆ ಕಟ್ಟಿಸಿಕೊಂಡವನ ಪಾಡೇನೋ ಪಾಪ ಎಂದಳಂತೆ. ಪೋಷಕರ ಸಭೆಯಲ್ಲಿ ಇಂಥ ಒಬ್ಬ ತಾಯಿ ಸಿಕ್ಕರೆ ಮೇಷ್ಟರಿಗೆ ಎಷ್ಟು ಹಗುರ.

ಹುಡುಗರಿಗೆ ಇಡೀ ದಿನದಲ್ಲಿ ಅತ್ಯಂತ ಹಿಡಿಸಿದ್ದು ಟಿಪ್ಪುವಿನ ಮದ್ದಿನ ಮನೆ. ಅದರ ವಾಸ್ತುವಿಗಾಗಿ ಅಲ್ಲ. ರೈಲ್ವೆ ಜೋಡಿಮಾರ್ಗಕ್ಕೆ ಅಡ್ಡವಾಗಿದೆಯೆಂದು 2017ರಲ್ಲಿ ಅದನ್ನು ಜಾಕ್ ಕೊಟ್ಟು ಎತ್ತಿ, ಇಡಿಯಾಗಿ, ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದ್ದಾರೆ ಎಂಬುದಕ್ಕಾಗಿ. ನಾಲ್ಕು ಯುದ್ಧ ಕದಲಿಸದ್ದನ್ನು ಒಂದು ಟೆಂಡರು ಕದಲಿಸಿತು.

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆ ಮಕ್ಕಳು ಕೇಳುವುದು ಅಪರೂಪ. ದೊಡ್ಡವರು ಕೇಳುತ್ತಾರೆ. ಕೇಳುವಾಗಲೇ ಉತ್ತರವನ್ನೂ ತಂದಿರುತ್ತಾರೆ. 2015ರಿಂದ ಕೆಲವು ವರ್ಷ ಸರ್ಕಾರ ಜಯಂತಿ ಮಾಡಿತು, 2019ರಲ್ಲಿ ನಿಲ್ಲಿಸಿತು. ಅಷ್ಟೂ ವರ್ಷ ನಮ್ಮ ಸ್ಟಾಫ್ ರೂಮಿನಲ್ಲಿ ಐದನೆಯ ಮೈಸೂರು ಯುದ್ಧ ನಡೆಯಿತು, ಒಪ್ಪಂದ ಇನ್ನೂ ಆಗಿಲ್ಲ. 1791ರಲ್ಲಿ ಮರಾಠರ ಕಡೆಯವರು ಶೃಂಗೇರಿ ಮಠ ಲೂಟಿ ಮಾಡಿದಾಗ ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲೇ ಬರೆದ ಕಾಗದಗಳಿವೆ ಎಂದೂ ಹೇಳುತ್ತೇನೆ. ಮೇಲುಕೋಟೆಯ ಕೆಲವು ಮನೆಗಳಲ್ಲಿ ನರಕ ಚತುರ್ದಶಿಯ ದಿನ ಹಬ್ಬ ಮಾಡುವುದಿಲ್ಲ, ಅದಕ್ಕೆ ಅವರು ಹೇಳುವ ಕಾರಣ ಟಿಪ್ಪು ಎಂದೂ, ಕೊಡಗಿನಲ್ಲಿ ನಾಯಿಗೆ ಅವನ ಹೆಸರಿಡುವವರಿದ್ದರು ಎಂದೂ ಹೇಳುತ್ತೇನೆ. ಒಂದೇ ಪೀರಿಯಡ್ಡಿನಲ್ಲಿ ಎರಡನ್ನೂ ಕೇಳಿದ ಮಕ್ಕಳು ಗೊಂದಲಗೊಳ್ಳುವುದಿಲ್ಲ. ಅವರ ಅಪ್ಪಂದಿರು ಗೊಂದಲಗೊಳ್ಳುತ್ತಾರೆ.

ಮಕ್ಕಳು ಕೇಳುವುದು ಇಂಥದ್ದು: 1792ರಲ್ಲಿ ದಂಡ ಕಟ್ಟುವವರೆಗೆ ಒತ್ತೆಯಾಗಿ ಕೊಟ್ಟರಲ್ಲ, ಟಿಪ್ಪುವಿನ ಆ ಇಬ್ಬರು ಹುಡುಗರು ಮದರಾಸಿನಲ್ಲಿ ಯಾರ ಜೊತೆ ಆಡುತ್ತಿದ್ದರು? ಆ ಮಕ್ಕಳಿಗೆ ಎಂಟು ಹತ್ತು ವಯಸ್ಸು. ಕಾರ್ನ್‌ವಾಲಿಸ್ ಅವರ ಕೈ ಹಿಡಿದು ಬರಮಾಡಿಕೊಳ್ಳುವ ಚಿತ್ರಗಳು ಇಂಗ್ಲೆಂಡಿನಲ್ಲಿ ಬಹಳ ಜನಪ್ರಿಯವಾದವು. ದಂಡದ ಮೊತ್ತ ಮೂರು ಕೋಟಿ ಮೂವತ್ತು ಲಕ್ಷ ಎಂಬುದನ್ನು ನಾನು ಬೋರ್ಡಿನ ಮೇಲೆ ಬರೆದೆ, ಅವರು ಬರೆದುಕೊಂಡರು, ಮತ್ತೆ ಕೇಳಿದರು: “ಅವ್ರಮ್ಮ ಒಪ್ಕೊಂಡ್ರಾ ಸಾ?” ಇನ್ನೊಂದು: ಟಿಪ್ಪು ಸತ್ತ ರಾತ್ರಿ ಊರಿನವರು ಎಲ್ಲಿ ಮಲಗಿದರು? ಆ ರಾತ್ರಿ ಯಾರೂ ಮಲಗಿದಂತಿಲ್ಲ. ಮನೆ ಮನೆ ನುಗ್ಗಿ ದೋಚಿದರು. ವೆಲ್ಲೆಸ್ಲಿ ಬಂದು ತನ್ನವರಲ್ಲೇ ನಾಲ್ವರನ್ನು ನೇಣಿಗೆ ಹಾಕಿಸಿದ ಮೇಲೆ ನಿಂತಿತು. ಮತ್ತೊಂದು: ಜೂನ್ 30ರಂದು ಪಟ್ಟಕ್ಕೆ ಕೂತ ಮುಮ್ಮಡಿ ಕೃಷ್ಣರಾಜರಿಗೆ ಆಗಿನ್ನೂ ಐದು ತುಂಬಿರಲಿಲ್ಲವಲ್ಲ, ಅವರು ಸ್ಕೂಲಿಗೆ ಹೋಗಬೇಕಿತ್ತಾ, ರಾಜನಿಗೆ ಹೊಡೆಯುವ ಮೇಷ್ಟ್ರು ಇದ್ದರಾ?

ಇಂಥದ್ದಕ್ಕೆಲ್ಲ ಪಠ್ಯದಲ್ಲಿ ಉತ್ತರ ಹುಡುಕಿ ಪ್ರಯೋಜನವಿಲ್ಲ. ನಾನು ಬುಕಾನನ್‌ನ ಮೊರೆಹೋಗುತ್ತೇನೆ. ಫ್ರಾನ್ಸಿಸ್ ಬುಕಾನನ್ ಎಂಬ ಈ ಡಾಕ್ಟರು ಕಂಪನಿಯ ಅಪ್ಪಣೆಯ ಮೇಲೆ 1800ರ ಏಪ್ರಿಲ್‌ನಲ್ಲಿ ಮದರಾಸು ಬಿಟ್ಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿದ; 1807ರಲ್ಲಿ ಮೂರು ದಪ್ಪ ಸಂಪುಟಗಳಾದವು. ತೋಪಿನ ಹೊಗೆ ಆರಿ ಒಂದು ವರ್ಷವಾಗಿದೆಯಷ್ಟೆ, ಇವನು ಬಂದು ರಾಗಿ ಎಷ್ಟು ಉಳುಮೆಗೆ ಬಿತ್ತುತ್ತೀರಿ, ಕಬ್ಬಿಗೆ ಎಷ್ಟು ನೀರು, ಖಂಡುಗ ಭೂಮಿಗೆ ಕಂದಾಯ ಎಷ್ಟು ಹಣ, ಗಾಣಕ್ಕೆ ಎಷ್ಟು ಎತ್ತು ಎಂದು ಕೇಳುತ್ತಾನೆ. ನೇಗಿಲಿನ ಚಿತ್ರ ಬರೆಸುತ್ತಾನೆ. ರಾಗಿಯನ್ನು ಹಗೇವಿನಲ್ಲಿ ತುಂಬಿ ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ ಎಂಬುದನ್ನೂ ಗುರುತು ಹಾಕಿಕೊಳ್ಳುತ್ತಾನೆ. ಯಾವ ದಂಡು ಬಂದರೂ ಮೊದಲು ಹುಡುಕುತ್ತಿದ್ದುದು ಆ ಹಗೇವುಗಳನ್ನೇ. ಹಾಗಿರುವಾಗ ಕಂಪನಿಯ ಮನುಷ್ಯನೊಬ್ಬ ಕಾಗದ ಹಿಡಿದು ಬಂದು ನಿಮ್ಮ ರಾಗಿ ಎಲ್ಲಿಡುತ್ತೀರಪ್ಪ ಎಂದರೆ ನಮ್ಮ ರೈತರು ಎಷ್ಟು ನಿಜ ಹೇಳಿರಬಹುದು ಎಂಬುದು ನನ್ನ ಗುಮಾನಿ. ಬೆಳೆ ಸಮೀಕ್ಷೆಗೆ ಹೋಗಿ ಬಂದ ಯಾವ ಮೇಷ್ಟರನ್ನಾದರೂ ಕೇಳಿ.

ಅದನ್ನು ಓದಿ ಹೇಳಿದ ಮೇಲೆ ಮಕ್ಕಳಿಗೊಂದು ಮನೆಗೆಲಸ ಕೊಟ್ಟೆ. ಟೊಮೇಟೊ ಇಲ್ಲದೆ, ಆಲೂಗೆಡ್ಡೆ ಇಲ್ಲದೆ, ಬೆಂಕಿಪೊಟ್ಟಣ ಇಲ್ಲದೆ, ಟೀ ಇಲ್ಲದೆ ಒಂದು ದಿನ ಹೇಗೆ ಕಳೆಯುತ್ತದೆ ಎಂದು ಅಜ್ಜಿಯನ್ನು ಕೇಳಿ ಬರೆಯಿರಿ; ಮನೆಯಲ್ಲಿ ಹಳೇ ವಸ್ತು ಇದ್ದರೆ ತನ್ನಿ. ಬರೆದು ತಂದದ್ದರಲ್ಲಿ ಅಜ್ಜಿಯರಿಗೆ ಟೀ ಬಿಡುವ ಮಾತೇ ಹಿಡಿಸಿರಲಿಲ್ಲ. ಒಲೆಗೆ ಬೆಂಕಿ ಬೇಕಾದರೆ ಪಕ್ಕದ ಮನೆಯಿಂದ ಕೆಂಡ ತರುತ್ತಿದ್ದದ್ದು ಹೆಚ್ಚಿನವರ ನೆನಪಿನಲ್ಲೇ ಇತ್ತು. ಐದಾರು ಜನರ ಊರಿನ ಬಾವಿಯಲ್ಲಿ ಟಿಪ್ಪು ನೀರು ಕುಡಿದಿದ್ದ. ವಸ್ತುಗಳಲ್ಲಿ ಹಿತ್ತಾಳೆ ಸೇರು, ಕೊಳಗ, ಒಂದು ಒರಳು, ಕಾಲಿಲ್ಲದ ಒಂದು ರೇಡಿಯೋ ಬಂದವು. ಮತ್ತೆ ಕೊನೇ ಬೆಂಚಿನ ನಮ್ಮ ಹುಡುಗ ಗೋಣಿಚೀಲದಲ್ಲಿ ಸುತ್ತಿ, ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಒಂದು ಕಬ್ಬಿಣದ ಉಂಡೆ ತಂದ.

ತೋಪಿನ ಗುಂಡು ಎಂದ. ಹೊಲ ಉಳುವಾಗ ಅವರ ಮುತ್ತಾತನಿಗೆ ಸಿಕ್ಕಿದ್ದಂತೆ. ಪಿಟಿ ಮೇಷ್ಟರು ಬಂದು ಅಂಗೈಯಲ್ಲಿ ತೂಗಿ, ಕತ್ತಿನ ಹತ್ತಿರ ಒಮ್ಮೆ ಹಿಡಿದು, ಇದು ಗುಂಡೆಸೆತದ ಗುಂಡು, ಯಾವುದೋ ಕಾಲೇಜಿನಿಂದ ಹೊತ್ತು ತಂದಿದ್ದಾರೆ ಎಂದು ತೀರ್ಪು ಕೊಟ್ಟರು. ಎದುರಿನ ದಿನಸಿ ಅಂಗಡಿಯ ತಕ್ಕಡಿಗೆ ಹಾಕಿಸಿದೆವು. ಐದು ಕಿಲೋ ಮುನ್ನೂರ ಎಂಬತ್ತು ಗ್ರಾಂ. ಹನ್ನೆರಡು ಪೌಂಡಿನ ತೋಪಿನ ಗುಂಡಾದರೆ ಐದು ಕಿಲೋ ನಾನೂರ ನಲವತ್ತು ಇರಬೇಕು. ಉಳಿದದ್ದು ತುಕ್ಕಿನಲ್ಲಿ ಹೋಗಿರಬಹುದು ಎಂದೆ ನಾನು. ಅಂಗಡಿಯವರ ತಕ್ಕಡಿ ಅರವತ್ತು ಗ್ರಾಂ ಕಡಮೆ ತೋರಿಸುವ ಜಾತಿಯದಲ್ಲ, ತೋರಿಸಿದರೆ ಹೆಚ್ಚೇ ತೋರಿಸುತ್ತದೆ ಎಂದರು ಪಿಟಿ ಮೇಷ್ಟರು. ಅಂಗಡಿಯವರು ಬೇಜಾರು ಮಾಡಿಕೊಂಡರು. ಮೈಸೂರಿನ ವಸ್ತುಸಂಗ್ರಹಾಲಯದವರಿಗೆ ಫೋಟೋ ಕಳಿಸಿ ಕೇಳೋಣ, ಅಲ್ಲಿಯವರೆಗೆ ಬೀರುವಿನಲ್ಲಿರಲಿ ಎಂದು ಹುಡುಗನಿಗೆ ಹೇಳಿದೆ. ಅವನು ಕೆನ್ನೆ ತುರಿಸಿಕೊಂಡ.

“ಅಜ್ಜಿ ಬೈತದೆ ಸಾ. ಉಪ್ಪಿನಕಾಯಿ ಜಾಡಿ ಮೇಲೆ ಹೇರಕ್ಕೆ ಅದೇ ಇರೋದು. ಮಾವಿನಕಾಯಿ ಬರೋದ್ರೊಳಗೆ ಬೇಕಂತೆ.”

ಬರೆದುಕೊಟ್ಟರೆ ಬಿಡುತ್ತಾರೇನೋ ಎಂದು ಶಾಲೆಯ ಸೀಲು ಹಾಕಿ ಒಂದು ರಸೀತಿ ಕೊಟ್ಟೆ. ಮಾರನೇ ದಿನ ರಸೀತಿ ವಾಪಸ್ಸು ಬಂತು. ಅಜ್ಜಿಗೆ ರಸೀತಿ ಬೇಡವಂತೆ. ಅಷ್ಟೇ ತೂಕದ ಇನ್ನೊಂದು ಕಲ್ಲು ಕಳಿಸಿಕೊಡಬೇಕಂತೆ, ತೊಳೆದದ್ದು.